ಮಾಡದ ತಪ್ಪಿಗೆ ಕ್ಷಮೆ ಕೇಳಬೇಕೇ?

ಕಳೆದ ವರ್ಷ ಒಂದು ಭಾನುವಾರ, ಪೂಜೆ ಮುಗಿದು ಜನ ಚದುರಿದ ಮೇಲೆ, ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಬಾಗಿಲ ಮರೆಯಲ್ಲಿ ಕಾದು ನಿಂತಿದ್ದರು. "ಫಾದರ್, ಯಾರಿಗೂ ಹೇಳಬೇಡಿ. ಮಗನಿಗೆ ಅಲ್ಲಿ ಸರ್ಕಾರ ಕೊಡುತ್ತಿದ್ದ ಹಣ ನಿಲ್ಲಿಸಿದೆಯಂತೆ" ಎಂದರು.

ಅಲ್ಲಿ ಎಂದರೆ ಇಂಗ್ಲೆಂಡಿನಲ್ಲಿ. ಮಗ ಬಹಳ ವರ್ಷಗಳಿಂದ ಅಲ್ಲಿಯೇ ನೆಲೆಸಿ ಅಲ್ಲಿನ ಪೌರನೇ ಆಗಿದ್ದಾನೆ. ಗೋದಾಮಿನಲ್ಲಿದ್ದ ಕೆಲಸ ಹೋದ ಮೇಲೆ ನಿರುದ್ಯೋಗಿಗಳಿಗೆ ಸಿಗುವ ಭತ್ಯೆಯಲ್ಲಿ ಸಂಸಾರ ನಡೆಯುತ್ತಿತ್ತು. ಒಂದು ಬೆಳಗ್ಗೆ ಮಗುವಿಗೆ ಜ್ವರ ಏರಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅದೇ ಹೊತ್ತಿಗೆ ಉದ್ಯೋಗ ಕಚೇರಿಯಲ್ಲಿ ಅವನಿಗೆ ಭೇಟಿ ನಿಗದಿಯಾಗಿತ್ತು. ಏಕೆ ಬರಲಿಲ್ಲ ಎಂದು ಕಚೇರಿ ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: ಕ್ಷಮಿಸಿ, ನನ್ನಿಂದ ತಪ್ಪಾಯಿತು, ಇನ್ನು ಮುಂದೆ ಹೀಗಾಗುವುದಿಲ್ಲ.

"ಎದುರು ಮಾತಾಡಬಾರದು ಅಂತಲೇ ಬೆಳೆಸಿದ್ದು ಫಾದರ್" ಎಂದರು ತಾಯಿ.

ಓದುಗ ಮಿತ್ರರೇ, ನಮ್ಮ ಮನೆಗಳಲ್ಲಿ ಇದು ವಿನಯದ ಮಾತು. ಕಾಲು ತಗುಲಿದರೂ ಕ್ಷಮಿಸಿ ಎನ್ನುತ್ತೇವೆ, ಮತ್ತೊಬ್ಬರ ಕಾಲು ನಮಗೆ ತಗುಲಿದರೂ ಕ್ಷಮಿಸಿ ಎನ್ನುತ್ತೇವೆ. ಆದರೆ ಕಚೇರಿಯ ಕಡತದಲ್ಲಿ ಅದು ವಿನಯವಾಗಿ ಉಳಿಯುವುದಿಲ್ಲ, ತಪ್ಪೊಪ್ಪಿಗೆಯಾಗುತ್ತದೆ. ಬ್ರಿಟನ್ನಿನ ಕಾನೂನಿನ ಪ್ರಕಾರ, ಹೇಳಿದ ಕೆಲಸವನ್ನು ಸಮರ್ಪಕ ಕಾರಣವಿಲ್ಲದೆ ಮಾಡದಿದ್ದರೆ ಮಾತ್ರ ಭತ್ಯೆ ಕಡಿತಗೊಳಿಸಬಹುದು. ಕಾರಣ ಇದ್ದವನೇ ಕಾರಣ ಹೇಳದಿದ್ದರೆ, ತೀರ್ಪು ಕೊಡುವ ಅಧಿಕಾರಿಯ ಮುಂದೆ ಉಳಿಯುವುದು ಆ ಒಂದು ಸಾಲು ಮಾತ್ರ.

ಪಾಪನಿವೇದನೆಗೆ ಸಿದ್ಧರಾಗುವಾಗ ಮನಸ್ಸಾಕ್ಷಿಯನ್ನು ಶೋಧಿಸಬೇಕೆಂದು ನಾವು ಕಲಿಸುತ್ತೇವೆ. ಮಾಡಿದ್ದನ್ನು ಮುಚ್ಚಿಡಬಾರದು ಎಂಬುದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮಾಡದ್ದನ್ನು ಮಾಡಿದೆನೆಂದು ಹೇಳುವುದೂ ಸುಳ್ಳೇ ಎಂಬುದನ್ನು ನಾವು ಗುರುಗಳೇ ಅಷ್ಟು ಒತ್ತಿ ಹೇಳುವುದಿಲ್ಲ. ಆ ಸಂಜೆ ಮಗನೊಡನೆ ಫೋನಿನಲ್ಲಿ ಮಾತನಾಡಿದಾಗ ಇದನ್ನೇ ಮೊದಲು ಕೇಳಿದೆ. ಇದರಲ್ಲಿ ನಿನ್ನದು ಎಷ್ಟು, ನಿನ್ನದಲ್ಲದ್ದು ಎಷ್ಟು? ಮಗುವಿನ ಜ್ವರ ಅವನದಲ್ಲ. ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿದ್ದ, ಯಾರೂ ಎತ್ತಿರಲಿಲ್ಲ, ಅದೂ ಅವನದಲ್ಲ. ಆದರೆ ಅಂದು ರಾತ್ರಿಯೇ ಆನ್‌ಲೈನ್ ಖಾತೆಯಲ್ಲಿ ಒಂದು ಸಾಲು ಬರೆಯಬಹುದಿತ್ತು, ಎರಡು ದಿನ ತಡ ಮಾಡಿದ. ಅದು ಅವನದೇ. "ಅದನ್ನೂ ಬರಿ" ಎಂದೆ.

ಊರಿನವರು ಆಡಿಕೊಳ್ಳುತ್ತಾರೆ ಎಂಬ ಅಂಜಿಕೆಯೂ ತಾಯಿಗಿತ್ತು. ದುಡಿಯದವನು ಉಣ್ಣಬಾರದು ಎಂಬ ಅರ್ಥದ ಸಂತ ಪೌಲರ ಮಾತನ್ನು ಇಂಥ ಸಮಯದಲ್ಲಿ ಎತ್ತಿ ಆಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಪೌಲರು ಅಲ್ಲಿ ಹೇಳಿದ್ದು ದುಡಿಯಲು ಮನಸ್ಸಿಲ್ಲದವರನ್ನು ಕುರಿತು, ಕೆಲಸ ಸಿಗದವರನ್ನು ಕುರಿತಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ 'ಲಾಬೊರೆಮ್ ಎಕ್ಸೆರ್ಸೆನ್ಸ್' ಪತ್ರದಲ್ಲಿ, ನಿರುದ್ಯೋಗಿಗೂ ಅವನ ಕುಟುಂಬಕ್ಕೂ ಆಧಾರ ಒದಗಿಸುವುದನ್ನು ಕರ್ತವ್ಯವೆಂದು ಕರೆದಿದ್ದಾರೆ. ಭೂಮಿಯ ಸಂಪತ್ತು ಎಲ್ಲರಿಗಾಗಿ ಇರುವುದರಿಂದ ಆ ಕರ್ತವ್ಯ ಹುಟ್ಟುತ್ತದೆ. ಅದನ್ನು ಅವರು ದಾನವೆಂದು ಬಗೆದಿಲ್ಲ.

ಈಗ ವ್ಯವಹಾರದ ಮಾತು. ಅಲ್ಲಿ 2013ರಿಂದ ಜಾರಿಗೆ ಬಂದಿರುವುದು ಯೂನಿವರ್ಸಲ್ ಕ್ರೆಡಿಟ್ ಎಂಬ ಪದ್ಧತಿ. ದಂಡ ಬಿದ್ದರೆ ಸಾಮಾನ್ಯವಾಗಿ ಆ ವ್ಯಕ್ತಿಯ ಮೂಲ ಭತ್ಯೆ ಪೂರ್ತಿ ಹೋಗುತ್ತದೆ; ಬಾಡಿಗೆಯ ಮತ್ತು ಮಕ್ಕಳ ಪಾಲಿಗೆ ಕೈ ಹಾಕುವುದಿಲ್ಲ. ಇವನಂತೆ ಭೇಟಿ ತಪ್ಪಿಸಿದವರಿಗೆ, ಮತ್ತೆ ಹೋಗಿ ಭೇಟಿಯಾಗುವವರೆಗೂ, ಅದರ ಮೇಲೆ ಮೊದಲ ಸಲವಾದರೆ 7 ದಿನವೂ ಕಡಿತ. ಆದ್ದರಿಂದ ಸಿಟ್ಟು ಮಾಡಿಕೊಂಡು ಕಚೇರಿಗೆ ಹೋಗದೆ ಕುಳಿತರೆ ದಿನ ಬೆಳೆಯುತ್ತಲೇ ಹೋಗುತ್ತದೆ. ಆಕ್ಷೇಪಣೆ ಕೊಟ್ಟ ಮಾತ್ರಕ್ಕೆ ಕಡಿತವೂ ನಿಲ್ಲುವುದಿಲ್ಲ. ಮೊದಲು ಹೋಗಿ ಭೇಟಿಯಾಗಬೇಕು, ಕೆಲಸ ಹುಡುಕುತ್ತಲೇ ಇರಬೇಕು, ಜೊತೆಗೇ ಆಕ್ಷೇಪಿಸಬೇಕು.

ಮೊದಲ ಮೆಟ್ಟಿಲು ಮರುಪರಿಶೀಲನೆ. ತೀರ್ಮಾನದ ದಿನದಿಂದ ಒಂದು ತಿಂಗಳೊಳಗೆ ಅದೇ ಇಲಾಖೆಗೆ ಕೇಳಿಕೊಳ್ಳಬೇಕು; ತಡವಾದರೆ ತಡಕ್ಕೂ ಕಾರಣ ಕೊಡಬೇಕು. 'ಅನ್ಯಾಯವಾಗಿದೆ' ಎಂದು ಬರೆದರೆ ಸಾಲದು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿದ್ದೆ, ಅದಕ್ಕೆ ಯಾವ ಕಾಗದ ಇದೆ ಎಂಬುದೇ ಮುಖ್ಯ. ಇವನ ಬಳಿ ಸಮಯ ನಮೂದಾದ ಆಸ್ಪತ್ರೆಯ ಚೀಟಿ ಇತ್ತು, ಫೋನ್ ಕರೆಗಳ ದಾಖಲೆ ಇತ್ತು. ಭೇಟಿಯ ಸೂಚನೆ ತನಗೆ ಸರಿಯಾಗಿ ತಲುಪಿತ್ತೇ ಎಂಬುದನ್ನೂ ನೋಡಿಕೊಳ್ಳಬೇಕು. ನಿರುದ್ಯೋಗಿಗಳನ್ನು ಸಂಬಳವಿಲ್ಲದ ಕೆಲಸಕ್ಕೆ ಕಳಿಸಿದ ರೈಲಿ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2013ರಲ್ಲಿ, ಇಂಥವರಿಗೆ ತಮ್ಮ ಮಾತು ಹೇಳಿಕೊಳ್ಳಲು ಬೇಕಾದಷ್ಟು ಮಾಹಿತಿ ಮೊದಲೇ ಕೊಡುವುದು ನ್ಯಾಯದ ಭಾಗವೆಂದು ಹೇಳಿತು. ಅರ್ಜಿ ಬರೆಯಲು 'ಸಿಟಿಜನ್ಸ್ ಅಡ್ವೈಸ್' ಎಂಬ ಸಂಸ್ಥೆ ಹಣ ಪಡೆಯದೆ ನೆರವಾಗುತ್ತದೆ.

ಇಲಾಖೆ ಒಪ್ಪದಿದ್ದರೆ ಎರಡನೇ ಮೆಟ್ಟಿಲು ನ್ಯಾಯಮಂಡಳಿ. ಮರುಪರಿಶೀಲನೆಯ ಉತ್ತರ ಬಂದ ಒಂದು ತಿಂಗಳೊಳಗೆ ಮೇಲ್ಮನವಿ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇಲಾಖೆಯ ಅಧೀನದಲ್ಲಿರದ ನ್ಯಾಯಾಧೀಶರು ಕೇಳುತ್ತಾರೆ. ಅಲ್ಲಿಯವರೆಗೆ ಊಟಕ್ಕೆ? ಕಷ್ಟಕಾಲದ ಹಣವೆಂದು ಕಡಿತವಾದ ಮೊತ್ತದ ಸುಮಾರು 60 ಭಾಗವನ್ನು ಕೊಡುವುದುಂಟು. ಆದರೆ ಅದು ಸಾಲ, ಮುಂದಿನ ಭತ್ಯೆಯಲ್ಲಿ ಮುರಿದುಕೊಳ್ಳುತ್ತಾರೆ. ಹಸಿದವನಿಗೆ ಅವನದೇ ಅನ್ನವನ್ನು ಸಾಲವಾಗಿ ಕೊಡುವ ಈ ಏರ್ಪಾಡು ನನಗೆ ಒಪ್ಪಿಗೆಯಾಗುವುದಿಲ್ಲ. ದಂಡ ನ್ಯಾಯವಾದದ್ದೇ ಇರಲಿ, ತುತ್ತಿಗೆ ಕೈ ಹಾಕುವ ದಂಡ ತಪ್ಪಿನ ಅಳತೆಯನ್ನು ಮೀರುತ್ತದೆ.

ಇದು ಪರದೇಶದ ಕಥೆ ಎನ್ನಬೇಡಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1985ರಲ್ಲಿ ಒಬ್ಬ ಭದ್ರತಾ ಅಧಿಕಾರಿಯನ್ನು ಆರೋಪದ ಮೇಲೆ ಅಮಾನತು ಮಾಡಿದರು. ಅಮಾನತಿನಲ್ಲಿದ್ದವರಿಗೆ ಸಲ್ಲಬೇಕಾದ ಜೀವನಾಧಾರ ಭತ್ಯೆಯನ್ನು ಕೊಡಲಿಲ್ಲ. ಕೇರಳದ ಮನೆಯಿಂದ ವಿಚಾರಣೆಗೆ ಬರಲು ಅವರ ಕೈಯಲ್ಲಿ ಹಣವಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. 1999ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಭತ್ಯೆಯನ್ನೇ ಕೊಡದೆ ನಡೆಸಿದ ಆ ವಿಚಾರಣೆ ನಿಲ್ಲದು ಎಂದು ತೀರ್ಮಾನಿಸಿತು. ಹದಿನಾಲ್ಕು ವರ್ಷ ಹಿಡಿಯಿತು. ಆ ಅಧಿಕಾರಿ ಮೊದಲ ದಿನವೇ 'ತಪ್ಪಾಯಿತು' ಎಂದು ಬರೆದುಕೊಟ್ಟಿದ್ದರೆ?

ಒಂದು ಮಾತು ಬಿಟ್ಟುಹೋಗಬಾರದು. ಕೆಲಸದ ವೀಸಾದ ಮೇಲೆ ಹೋದವರಿಗೆ ಅಲ್ಲಿ ಸಾಮಾನ್ಯವಾಗಿ ಇಂಥ ಭತ್ಯೆ ಸಿಗುವುದೇ ಇಲ್ಲ. ಮಕ್ಕಳನ್ನು ಕಳಿಸುವ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಮಗ ಮತ್ತೆ ಬರೆದ, ತನ್ನ ಎರಡು ದಿನದ ತಡವನ್ನೂ ಸೇರಿಸಿ. ಇಲಾಖೆ ಒಪ್ಪಲಿಲ್ಲ. ಮೇಲ್ಮನವಿ ಹಾಕಿದ. ಮೊನ್ನೆ ಭಾನುವಾರ ಆ ತಾಯಿ ಬಾಗಿಲ ಮರೆಗೆ ನಿಲ್ಲಲಿಲ್ಲ. ದೇವಾಲಯದ ಅಂಗಳದಲ್ಲಿ ನಾಲ್ಕು ಜನರ ನಡುವೆಯೇ, "ಫಾದರ್, ವಿಚಾರಣೆಗೆ ತಾರೀಖು ಕೊಟ್ಟಿದ್ದಾರೆ, ಫೋನಿನಲ್ಲೇ ಕೇಳುತ್ತಾರಂತೆ" ಎಂದರು.