ಫ್ರಿಜ್‌ನ್ಯಾಗ ಇಟ್ರ ಪೌಡರ್ ತಳಕ್ಕ ಕೂಡ್ತದೇನು?

ನಾವು ಮೂವರು. ಒಬ್ಬ ಸಿಂಧನೂರಿನವ, ಒಬ್ಬ ಲಿಂಗಸೂಗೂರಿನವ, ಒಬ್ಬ ಮಸ್ಕಿಯವ. ಊರಿಗೆ ಹೋಗೋದು ಒಂದೇ ಬಸ್ಸಿನ ದಾರಿ, ಹಾಸ್ಟೆಲ್‌ನಲ್ಲಿ ಒಂದೇ ರೂಮು. ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ಸೈನ್ಸ್ ಬರೆಯೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೇಸಿಗೆ ರಜೆಯಲ್ಲಿ ಮಸ್ಕಿಯ ಗೆಳೆಯನ ಮನೆಯ ಕಟ್ಟೆ ಮೇಲೆ ಕೂತಿದ್ದೆವು. ಅವರ ಹೊಲಕ್ಕೆ ಕೆಲಸಕ್ಕೆ ಬರುವ ಕಾಕಾ ಒಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ತಮ್ಮಾ, ನೀವು ಇಂಜಿನಿಯರಿಂಗ್ ಓದೋರು. ಸೇಂದಿನ ಫ್ರಿಜ್‌ನ್ಯಾಗ ಇಟ್ರ ಪೌಡರ್ ತಳಕ್ಕ ಕೂಡ್ತದೇನು?"

ನಮ್ಮ ಭಾಗದವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಈಚಲ ಮರದ ರಸ ಹುಳಿ ಬಂದರೆ ಸೇಂದಿ. ರಾಯಚೂರು ಜಿಲ್ಲೆಯಲ್ಲಿ ಕದ್ದು ಮಾರುವ ಸೇಂದಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಕಲಸುತ್ತಾರೆ. ಪೇಪರ್‌ನಲ್ಲಿ ಆ ಸುದ್ದಿ ಬರ್ತಾನೇ ಇರ್ತದೆ. 1832ರಲ್ಲಿ ಜರ್ಮನಿಯ ಲೀಬಿಗ್ ಮೊದಲು ತಯಾರಿಸಿದ ವಸ್ತು ಇದು; ಮುಂದೆ ನಿದ್ದೆ ಬರಿಸುವ ಔಷಧಿಯಾಗಿ ಬಳಕೆಗೆ ಬಂತು. ಆಲ್ಕೋಹಾಲ್ ಜೊತೆ ಸೇರಿದರೆ ಎರಡರ ಮಂಪರೂ ಕೂಡಿಕೊಂಡು ಉಸಿರಾಟವೇ ನಿಧಾನವಾಗುತ್ತದೆ.

ಆವತ್ತು ನಮಗೆ ಉತ್ತರ ಬರಲಿಲ್ಲ. ಫಸ್ಟ್ ಇಯರ್ ಕೆಮಿಸ್ಟ್ರಿ ನೋಟ್ಸ್ ತೆಗೆದು ಕೂತೆವು.

ನಿಜ ಹೇಳಬೇಕಂದ್ರೆ ಉತ್ತರ ನೋಟ್ಸ್‌ಗಿಂತ ಮೊದಲು ಐಸ್ ಕ್ಯಾಂಡಿಯಲ್ಲಿತ್ತು. ಚಿಕ್ಕವರಿದ್ದಾಗ ಕೆಂಪು ಐಸ್ ಕ್ಯಾಂಡಿಯನ್ನು ಜೋರಾಗಿ ಚೀಪಿದರೆ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕಡ್ಡಿಗೆ ಬರೀ ಬಿಳಿ ಐಸ್ ಉಳೀತಿತ್ತಲ್ಲ, ಅದೇ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಒಂದು ಕಟ್ಟುನಿಟ್ಟಾದ ಚೌಕಟ್ಟಿನಲ್ಲಿ ಕೂರುತ್ತವೆ. ಸಕ್ಕರೆ, ಉಪ್ಪು, ಬಣ್ಣ, ಆಲ್ಕೋಹಾಲ್ ಯಾವುದಕ್ಕೂ ಅಲ್ಲಿ ಜಾಗ ಇಲ್ಲ. ಅವೆಲ್ಲ ಇನ್ನೂ ಹೆಪ್ಪಾಗದ ನೀರಿನೊಳಗೆ ದೂಡಿಸಿಕೊಂಡು ಗಟ್ಟಿಯಾಗುತ್ತಾ ಹೋಗುತ್ತವೆ. ಬೇಗ ಹೆಪ್ಪಾದರೆ ಒಂದಿಷ್ಟು ನಡುವೆ ಸಿಕ್ಕಿಬೀಳುತ್ತದೆ, ಅಷ್ಟೇ.

ಈಗ ಲೆಕ್ಕ. ನೀರಿನಲ್ಲಿ ಏನಾದರೂ ಕರಗಿದರೆ ಹೆಪ್ಪುಗಟ್ಟುವ ಉಷ್ಣತೆ ಇಳಿಯುತ್ತದೆ, ಒಂದು ಕೆ.ಜಿ. ನೀರಿಗೆ ಒಂದು ಮೋಲ್‌ಗೆ 1.86 ಡಿಗ್ರಿ. ಶೇ. 12 ಆಲ್ಕೋಹಾಲ್ ಇರುವ ವೈನ್‌ನಲ್ಲಿ ಕೆ.ಜಿ. ನೀರಿಗೆ ಸುಮಾರು 2.3 ಮೋಲ್ ಆಲ್ಕೋಹಾಲ್. ಗುಣಿಸಿದರೆ 4.3. ಸಕ್ಕರೆ, ಹುಳಿ ಸೇರಿ ವೈನ್ ಮೈನಸ್ 5ರ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ, ಬಿಯರ್ ಮೈನಸ್ 2ರ ಸುತ್ತ. ಆದರೆ ಶೇ. 40ರ ವಿಸ್ಕಿಗೆ ಇದೇ ಸೂತ್ರ ಹಾಕಿದರೆ ಮೈನಸ್ 20 ಬರುತ್ತದೆ, ನಿಜವಾದದ್ದು ಮೈನಸ್ 25ರ ಹತ್ತಿರ. ಸೂತ್ರ ತೆಳು ದ್ರಾವಣಕ್ಕೆ ಮಾತ್ರ ಅಂತ ಮೇಡಂ ಹೇಳಿದ್ದರು, ನಾವು ಪರೀಕ್ಷೆಗೆ ಬರೆದಿದ್ದೆವು, ಅರ್ಥ ಆಗಿದ್ದು ಈಗ. ಮನೆಯ ಫ್ರೀಜರ್ ಮೈನಸ್ 18. ಅದಕ್ಕೇ ಅದರಲ್ಲಿ ವಿಸ್ಕಿ ಹೆಪ್ಪಾಗಲ್ಲ, ವೈನ್ ಬಿಯರ್ ಆಗುತ್ತವೆ.

ಹೆಪ್ಪಾದರೆ ಏನಾಗುತ್ತದೆ ಅನ್ನೋದು ಸಿಂಧನೂರಿನವನ ಮನೆಯಲ್ಲಿ ಮೊದಲೇ ಗೊತ್ತಾಗಿತ್ತು. ಮೇ ತಿಂಗಳು, ಹೊರಗೆ ಬಿಸಿಲು 40 ದಾಟಿತ್ತು. ಮಾವನಿಗೆ ಯಾರೋ ಕೊಟ್ಟಿದ್ದ ವೈನ್ ಬಾಟ್ಲಿ ಬೇಗ ತಣ್ಣಗಾಗಲಿ ಅಂತ ಫ್ರೀಜರ್‌ಗೆ ಇಟ್ಟು ಮರೆತರು. ಬೆಳಿಗ್ಗೆ ಕಾರ್ಕ್ ಒಂದು ಕಡೆ, ಕೆಂಪು ಐಸ್ ಒಂದು ಕಡೆ, ಅವ್ವನ ಬೈಗುಳ ಎಲ್ಲಾ ಕಡೆ. ನಮ್ಮ ಲೆಕ್ಕದ ಪ್ರಕಾರ ಮೈನಸ್ 18ರಲ್ಲಿ ವೈನ್ ಮೂರರಲ್ಲಿ ಎರಡು ಭಾಗದಷ್ಟು ಐಸ್ ಆಗುತ್ತದೆ. ನೀರು ಐಸ್ ಆದರೆ ಶೇ. 9 ಹಿಗ್ಗುತ್ತದೆ. 750 ಮಿ.ಲೀ. ಬಾಟ್ಲಿಯಲ್ಲಿ ಅದು ಸುಮಾರು 40 ಮಿ.ಲೀ.; ಬಾಟ್ಲಿಯ ಕತ್ತಿನಲ್ಲಿ ಅಷ್ಟು ಖಾಲಿ ಜಾಗ ಎಲ್ಲಿರುತ್ತದೆ? ಬಿಯರ್ ಆದರೆ ಇನ್ನೂ ಅಪಾಯ. ಐಸ್ ತನ್ನೊಳಗಿನ ಗ್ಯಾಸನ್ನೂ ಹೊರದೂಡುತ್ತದೆ, ಗಾಜು ಸಿಡಿಯಬಹುದು.

ಕರಗಿಸಿದ ಮೇಲೆ ಆ ವೈನ್‌ನ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಂಡವು. ಮಾವ ಗಾಬರಿಯಾದರು. ಅದು ಗಾಜಲ್ಲ. ಹುಣಸೆಹಣ್ಣಿನ ಹುಳಿಯೂ ದ್ರಾಕ್ಷಿಯ ಹುಳಿಯೂ ಒಂದೇ, ಟಾರ್ಟಾರಿಕ್ ಆಮ್ಲ. ಅದರ ಪೊಟ್ಯಾಸಿಯಂ ಲವಣ ಚಳಿಗೆ ಕರಗಿ ಇರಲಾರದೆ ಹರಳಾಗಿ ಬೀಳುತ್ತದೆ. ವೈನರಿಗಳು ಬಾಟ್ಲಿಗೆ ತುಂಬುವ ಮೊದಲೇ ವೈನನ್ನು ಸೊನ್ನೆಗಿಂತ ಕೆಳಗೆ ಕೆಲವು ದಿನ ತಣ್ಣಗಿಟ್ಟು ಇದನ್ನು ಬೀಳಿಸಿಬಿಡುತ್ತವೆ. (ಆದರೂ ಬಾಟ್ಲಿ ಒಡೆದಿದ್ದರೆ ಮಾತ್ರ ಹರಳೋ ಗಾಜೋ ಅಂತ ನೋಡುತ್ತಾ ಕೂರಬೇಡಿ, ಚೆಲ್ಲಿಬಿಡಿ.)

ಇದನ್ನೇ ಬೇಕೆಂದು ಮಾಡುವವರೂ ಇದ್ದಾರೆ. ಜರ್ಮನಿ, ಕೆನಡಾಗಳಲ್ಲಿ ದ್ರಾಕ್ಷಿ ಗಿಡದಲ್ಲೇ ಹೆಪ್ಪಾಗಲಿ ಅಂತ ಮೈನಸ್ 7, 8ರ ಚಳಿಗೆ ಕಾದು, ಹಿಂಡಿ, ಐಸ್ ವೈನ್ ಮಾಡುತ್ತಾರೆ; ನೀರು ಐಸಾಗಿ ಹಿಂದೆ ಉಳಿದು ಸಿಹಿ ರಸ ಮಾತ್ರ ಇಳಿಯುತ್ತದೆ. ನಮ್ಮ ಪಕ್ಕದ ಕೊಪ್ಪಳ, ವಿಜಯಪುರದ ದ್ರಾಕ್ಷಿಗೆ ಆ ಯೋಗ ಇಲ್ಲ ಬಿಡಿ. ಹಳೆಯ ಅಮೆರಿಕದಲ್ಲಿ ಹುಳಿ ಬಂದ ಸೇಬಿನ ರಸವನ್ನು ಚಳಿಗಾಲದಲ್ಲಿ ಹೊರಗಿಟ್ಟು, ಮೇಲಿನ ಐಸ್ ತೆಗೆದೆಸೆದು ಕಡಕ್ ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ಆಲ್ಕೋಹಾಲ್ ಒಂದೇ ಅಲ್ಲ, ಬೇಡದ್ದೆಲ್ಲವೂ ಗಟ್ಟಿಯಾಗುತ್ತಿತ್ತು. ಮೆಥನಾಲ್ ಕೂಡ, ಯಾಕಂದ್ರೆ ಅದು ಹೆಪ್ಪಾಗೋದು ಮೈನಸ್ 97ರಲ್ಲಿ.

ಕಾಕಾನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಕ್ಲೋರಲ್ ಹೈಡ್ರೇಟ್ ನೀರಿನಲ್ಲಿ ಎಷ್ಟು ಚೆನ್ನಾಗಿ ಕರಗುತ್ತದೆ ಅಂದರೆ, ಸೇಂದಿಗೆ ಕಲಸುವಷ್ಟು ಪೌಡರ್ ಫ್ರಿಜ್‌ನ ತಣ್ಣಗೆಗೆ ತಳಕ್ಕೆ ಕೂರಲ್ಲ. ಫ್ರೀಜರ್‌ನಲ್ಲಿಟ್ಟರೆ ಇನ್ನೂ ಕೆಟ್ಟದ್ದು. ಅರ್ಧ ನೀರು ಐಸ್ ಆಗಿ, ಉಳಿದದ್ದನ್ನು ಬಗ್ಗಿಸಿ ಕುಡಿದರೆ ಪ್ರತಿ ಗುಟುಕಿನಲ್ಲೂ ಪೌಡರ್ ಹೆಚ್ಚುಕಡಿಮೆ ಎರಡು ಪಟ್ಟು, ಆಲ್ಕೋಹಾಲೂ ಅಷ್ಟೇ. ನಂಬಿಕೆ ಬರಲಿಲ್ಲ ಅಂದ್ರೆ ರಸ್ನಾ ಅರ್ಧ ಹೆಪ್ಪಾಗಿಸಿ ಬಗ್ಗಿಸಿ ನೋಡಿ. ಕಾಕಾನಿಗೆ ನಾವು ತೋರಿಸಿದ್ದು ಅದನ್ನೇ. ಲೋಟದ ರಸ್ನಾ ಕಡು ಕಿತ್ತಳೆ, ಬಾಟ್ಲಿಯಲ್ಲಿ ಉಳಿದದ್ದು ಪೇಲವ ಐಸು.

ಕಾಕಾ ಲೋಟ ನೋಡುತ್ತಾ ಕೇಳಿದರು: "ಹಂಗಾರ ಕಾಸಿದ್ರ?"

ಕಾಸಿದರೂ ಮೊದಲು ಹಾರೋದು 78 ಡಿಗ್ರಿಗೆ ಕುದಿಯುವ ಆಲ್ಕೋಹಾಲ್, ಪೌಡರ್ ಅಲ್ಲ ಅಂದೆವು. ಆಮೇಲೆ ಗೊತ್ತಾಯ್ತು, ಕಾಕಾ ಕುಡಿಯೋರೇ ಅಲ್ಲ. ಮಗ ಕುಡೀತಾನೆ. ಬಿಡು ಅಂದ್ರೆ ಕೈ ನಡುಗಿ, ನಿದ್ದೆ ಇಲ್ಲದೆ ಏನೇನೋ ಬಡಬಡಿಸ್ತಾನೆ, ಅದಕ್ಕೇ ಪೌಡರ್ ಅಷ್ಟಾದ್ರೂ ತೆಗೆದು ಕೊಡೋಣ ಅಂತ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿ ಒಮ್ಮೆಲೇ ನಿಂತಾಗ ಇದೇ ತರಹ ಆಗಿ ಬಹಳ ಜನ ಆಸ್ಪತ್ರೆ ಸೇರಿದ್ದರು. ಫಿಟ್ಸ್ ಕೂಡ ಬರಬಹುದು, ಹಾಗಾಗಿ ಮನೆಯಲ್ಲಿ ಕಟ್ಟಿಹಾಕಿ ಬಿಡಿಸೋ ಕೆಲಸ ಅಲ್ಲ, ಡಾಕ್ಟರ್ ಬೇಕು ಅಂತ ಹೇಳಿದೆವು. ಮರುದಿನ ಬೆಳಿಗ್ಗೆ ಲಿಂಗಸೂಗೂರಿನ ಬಸ್ಸಿಗೆ ಕಾಕಾ ಮಗನನ್ನು ಹತ್ತಿಸಿಕೊಂಡು ಹೋದರು. ಆಸ್ಪತ್ರೆ ತೋರಿಸೋಕೆ ಲಿಂಗಸೂಗೂರಿನವನೂ ಅದೇ ಬಸ್ ಹತ್ತಿದ.