ಸಂಗ್ರಹ ಯಂತ್ರಕ್ಕೆ ಫೈಬರ್ ಮಾಡ್ಯೂಲ್ ಜೋಡಣೆ

ಲೆಕ್ಕಪತ್ರ, ದಾಸ್ತಾನು, ತೆರಿಗೆ ವಿವರಗಳೆಲ್ಲವೂ ಒಂದೇ ಸಂಗ್ರಹ ಯಂತ್ರದಲ್ಲಿರುವ ಸಂಸ್ಥೆಗೆ, ಆ ಯಂತ್ರವನ್ನು ಜಾಲಕ್ಕೆ ಸೇರಿಸುವ ಬೆರಳುದ್ದದ ಎಸ್‌ಎಫ್‌ಪಿ ಮಾಡ್ಯೂಲ್ ಅಲಕ್ಷಿಸುವ ವಸ್ತುವಲ್ಲ. ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮರಳಿ ಸಂಕೇತವಾಗಿಯೂ ಮಾರ್ಪಡಿಸುವುದು ಇದೇ.

ಕೇಬಲ್ಲಿನ ಎರಡೂ ತುದಿಯ ಮಾಡ್ಯೂಲ್‌ಗಳ ವೇಗ, ತರಂಗಾಂತರಗಳು ಹೊಂದಬೇಕು. 850 ನ್ಯಾನೋಮೀಟರಿನದಕ್ಕೆ ಮಲ್ಟಿಮೋಡ್ ಕೇಬಲ್. 1310ರದಕ್ಕೆ ಸಾಮಾನ್ಯವಾಗಿ ಸಿಂಗಲ್‌ಮೋಡ್. ಅಗ್ಗವೆಂದು ತಂದ ಮಾಡ್ಯೂಲನ್ನು ಯಂತ್ರವು ಒಪ್ಪದಿರುವುದೂ ಉಂಟು. ಯಂತ್ರ ತಯಾರಕರ ಪಟ್ಟಿಯನ್ನು ಖರೀದಿಗೆ ಮುನ್ನವೇ ನೋಡುವುದು ಲೇಸು.

ಈ ಲೇಸರ್ ಕಿರಣ ಕಣ್ಣಿಗೆ ಕಾಣದು. ಬೆಳಕು ಬರುತ್ತಿದೆಯೇ ಎಂದು ಇಣುಕುವುದು ಸರ್ವಥಾ ಸಲ್ಲದು. ಜೋಡಿಸುವವರು ಭೂಸಂಪರ್ಕವುಳ್ಳ ಕೈಪಟ್ಟಿ ಧರಿಸಿ, ಕೇಬಲ್ ಇಲ್ಲದ ಮಾಡ್ಯೂಲನ್ನು ‘ಟಕ್’ ಎನ್ನುವವರೆಗೆ ನೇರವಾಗಿ ತಳ್ಳಬೇಕು. ತಡೆದರೆ ಬಲಪ್ರಯೋಗ ಬೇಡ. ಬಹುಶಃ ಮಗ್ಗುಲು ತಪ್ಪಿರುತ್ತದೆ. ಧೂಳುಮುಚ್ಚಳವನ್ನು ಕೇಬಲ್ ಸೇರಿಸುವ ಕ್ಷಣದವರೆಗೂ ತೆಗೆಯಬಾರದು. ಇಂದಿನ ಮಲ್ಟಿಮೋಡ್ ತಂತುವಿನಲ್ಲಿ ಬೆಳಕಿನ ಹಾದಿ 50 ಮೈಕ್ರಾನ್, ಸಿಂಗಲ್‌ಮೋಡಿನಲ್ಲಿ ಸುಮಾರು 9 ಮಾತ್ರ. ಗಿರಣಿ, ಗೋದಾಮುಗಳ ಒಂದು ಧೂಳಿನ ಕಣವೇ ಅದನ್ನು ಮುಚ್ಚಬಲ್ಲದು.

ಯಂತ್ರ ನಡೆಯುತ್ತಿರುವಾಗಲೇ ಮಾಡ್ಯೂಲ್ ಬದಲಿಸಬಹುದಾದರೂ ಅದರ ಮೂಲಕ ಸಾಗುವ ಕೆಲಸ ಆಗ ನಿಲ್ಲುತ್ತದೆ. ಮೊದಲು ಕೇಬಲ್, ನಂತರ ಮಾಡ್ಯೂಲ್ ತೆಗೆಯಬೇಕು. ಎರಡು ಮಾರ್ಗಗಳಿರುವಲ್ಲಿ, ಒಂದರ ಸಂಪರ್ಕ ಪೂರ್ಣ ಮರಳಿತೆಂದು ಖಚಿತವಾದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು.