ಪ್ರಭಾವತಿಯ ಬೇಡಿಕೆ

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಯಕ್ಷಗಾನವನ್ನು ಅರಿಯದ ಮನೆ ವಿರಳ. ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ದೇವಾಲಯಗಳಲ್ಲಿಯೂ ಮನೆಯ ಚಾವಡಿಗಳಲ್ಲಿಯೂ ತಾಳಮದ್ದಳೆ ನಡೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆಮದ್ದಳೆಗಳ ನಾದ, ಅರ್ಥಧಾರಿಗಳ ಮಾತು ಇಷ್ಟೇ. ಅಲ್ಲಿ ಕೇಳಿಬರುವ ಜನಪ್ರಿಯ ಪ್ರಸಂಗಗಳಲ್ಲಿ ಸುಧನ್ವನ ಕಥೆಯೂ ಒಂದು. ಲಕ್ಷ್ಮೀಶ ಕವಿಯ 'ಜೈಮಿನಿ ಭಾರತ'ದಿಂದ ಅದು ಕನ್ನಡಿಗರಿಗೆ ಚಿರಪರಿಚಿತವಾಗಿದೆ.

ಧರ್ಮರಾಯನ ಅಶ್ವಮೇಧದ ಕುದುರೆಯನ್ನು ಚಂಪಕಾಪುರದ ಅರಸನಾದ ಹಂಸಧ್ವಜನು ಕಟ್ಟಿಸಿದನು. ಕುದುರೆಯ ಕಾವಲಿಗೆ ಬಂದ ಅರ್ಜುನನೊಡನೆ ಯುದ್ಧ ನಿಶ್ಚಯವಾಯಿತು. ರಣರಂಗಕ್ಕೆ ತಡವಾಗಿ ಬಂದವನು ಯಾರೇ ಆಗಲಿ, ಅವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಎಸೆಯಬೇಕೆಂದು ರಾಜಾಜ್ಞೆ ಹೊರಟಿತು. ರಾಜಕುಮಾರ ಸುಧನ್ವನು ಯುದ್ಧಕ್ಕೆ ಹೊರಟು ನಿಂತಾಗ ತರುಣಿಯಾದ ಪತ್ನಿ ಪ್ರಭಾವತಿಯು ಅವನನ್ನು ತಡೆದಳು. ಅರ್ಜುನನನ್ನು ಎದುರಿಸಿದವನು ಮರಳುವನೆಂಬ ಭರವಸೆ ಎಲ್ಲಿ? ವಂಶಕ್ಕೊಂದು ಕುಡಿಯನ್ನು ಕರುಣಿಸಿ ಹೋಗಬೇಕೆಂಬುದೇ ಅವಳ ಬೇಡಿಕೆ.

ಅವಳು ಅಂಜಿದ್ದು ಅರ್ಜುನನ ಬಾಣಕ್ಕೆ. ಆದರೆ ಮೊದಲ ಅಪಾಯವು ಮಾವನ ಕೊಪ್ಪರಿಗೆಯಲ್ಲಿಯೇ ಕುದಿಯುತ್ತಿದೆ. ಇದನ್ನು ಸಭಿಕರು ಬಲ್ಲರು. ಪಾತ್ರಗಳು ಕಾಣದಿರುವುದನ್ನು ಪ್ರೇಕ್ಷಕರು ಮೊದಲೇ ಬಲ್ಲವರಾಗಿರುವ ಈ ಸ್ಥಿತಿಗೆ ನಾಟಕೀಯ ವ್ಯಂಗ್ಯವೆಂದು ಹೆಸರು. ಷೇಕ್ಸ್‌ಪಿಯರ್ ಮಹಾಕವಿಯು 'ರೋಮಿಯೋ ಮತ್ತು ಜೂಲಿಯೆಟ್' ನಾಟಕದ ಪೀಠಿಕೆಯಲ್ಲಿಯೇ ಪ್ರೇಮಿಗಳ ಮರಣವನ್ನು ತಿಳಿಸಿಬಿಡುತ್ತಾನೆ. ಜೂಲಿಯೆಟ್ ಕುಡಿದದ್ದು ನಿದ್ರೆಯ ಔಷಧವೆಂದು ಪ್ರೇಕ್ಷಕರು ಅರಿತಿದ್ದಾರೆ, ರೋಮಿಯೋ ಅರಿಯನು. ಅವಳು ಸತ್ತಳೆಂದು ಬಗೆದು ಅವನು ವಿಷ ಕುಡಿಯುತ್ತಾನೆ. ಅನಂತರ ಅವಳು ಕಣ್ಣು ತೆರೆಯುತ್ತಾಳೆ.

ತಾಳಮದ್ದಳೆಯಲ್ಲಿ ಈ ವ್ಯಂಗ್ಯಕ್ಕೆ ಇನ್ನೊಂದು ಮೊನೆಯುಂಟು. ಪ್ರಭಾವತಿಯ ಅರ್ಥಧಾರಿಯು ಸೊಗಸಾಗಿ ವಾದಿಸಿದಷ್ಟೂ ಸಭೆ ತಲೆದೂಗುತ್ತದೆ. ಸುಧನ್ವನು ಕ್ಷಾತ್ರಧರ್ಮವನ್ನು ಹೇಳುತ್ತಾನೆ. ಅವಳು ಗೃಹಸ್ಥಧರ್ಮವನ್ನು ಮುಂದಿಡುತ್ತಾಳೆ. ಇಬ್ಬರ ಮಾತೂ ನ್ಯಾಯವೇ. ಆದರೆ ವಾದ ಬೆಳೆದಂತೆ ಹೊತ್ತು ಕಳೆಯುತ್ತದೆ, ಎಣ್ಣೆ ಕಾಯುತ್ತದೆ. ಯಾವ ಮಾತನ್ನು ಸಭಿಕರು ಮೆಚ್ಚುವರೋ ಆ ಮಾತೇ ಆ ತರುಣನನ್ನು ದಂಡನೆಯ ಸಮೀಪಕ್ಕೆ ಒಯ್ಯುತ್ತದೆ. ಎದ್ದು ನಿಂತು ಎಚ್ಚರಿಸೋಣವೆಂದರೆ ಕೇಳುವವರು ಕಥೆಯೊಳಗಿದ್ದಾರೆ.

ಸುಧನ್ವನು ಸತಿಯ ಬೇಡಿಕೆಯನ್ನು ಸಲ್ಲಿಸಿ ತಡವಾಗಿ ಬಂದನು. ತಂದೆಯು ಮಗನೆಂದು ಆಜ್ಞೆಯನ್ನು ಮುರಿಯಲಿಲ್ಲ. ಹರಿಸ್ಮರಣೆಯ ಬಲದಿಂದ ಕಾದ ಎಣ್ಣೆಯು ಅವನನ್ನು ಸುಡಲಿಲ್ಲ. ಮುಂದೆ ಅವನು ರಣದಲ್ಲಿ ಶೌರ್ಯದಿಂದ ಕಾದಾಡಿ, ಅರ್ಜುನನ ಬಾಣದಿಂದ ಮಡಿದು, ಶ್ರೀಕೃಷ್ಣನ ಸನ್ನಿಧಿಯಲ್ಲಿ ಮೋಕ್ಷವನ್ನು ಪಡೆದನು.

ಭಕ್ತನಿಗೆ ಮುಕ್ತಿ ದೊರೆಯಿತೆಂದು ಸಭೆ ಕೈಮುಗಿಯುತ್ತದೆ. ಆದರೆ ಪ್ರಭಾವತಿಯ ಅಂಜಿಕೆಯೂ ನಿಜವಾಯಿತು. ಹೊಸದೇನನ್ನೂ ತಿಳಿಯಲು ಜನರು ಈ ಕಥೆಗೆ ಬರುವುದಿಲ್ಲ; ಕೊನೆಯನ್ನು ಬಲ್ಲವರೇ ಮರುವರ್ಷವೂ ಬಂದು ಕುಳಿತು, ಆ ತರುಣ ದಂಪತಿಗಳ ಮಾತು ಬೇಗನೆ ಮುಗಿಯಲೆಂದೂ ಮುಗಿಯದಿರಲೆಂದೂ ಏಕಕಾಲದಲ್ಲಿ ಹಾರೈಸುತ್ತಾರೆ.